ಸ್ವಧರ್ಮದಲ್ಲಿದ್ದು ಪರಧರ್ಮವನ್ನರಿತ ಗೋವಿಂದ ಪೈಗಳು

ಕಾರಡ್ಕದಿಂದ ಮುಳ್ಳೇರಿಯ, ಬದಿಯಡ್ಕ, ಕುಂಬಳೆ ದಾರಿಯಾಗಿ ಮಂಜೇಶ್ವರಕ್ಕೆ ಹೋದವರು ಒಂದು ಸಂಗತಿಯನ್ನು ಗಮನಿಸಿರಬಹುದು. ನೀರ್ಚಾಲು ದಾಟುವಾಗ ಸಮೀಪದಲ್ಲೇ ಬೇಳದ ಇಗರ್ಜಿ ಇದೆ. ಅದು ಸ್ಥಾಪನೆಯಾದದ್ದು 1890ರಲ್ಲಿ. ಕುಂಬಳೆಯಲ್ಲಿ ಕಣಿಪುರದ ಗೋಪಾಲಕೃಷ್ಣ ದೇವರ ಸನ್ನಿಧಿ. ಮುಂದೆ ಉಪ್ಪಳದ ಪಳ್ಳಿಗಳು. ಮಂಜೇಶ್ವರ ಮುಟ್ಟಿದರೆ ಅನಂತೇಶ್ವರ ದೇವಳ, ಬಂಗ್ರ ಮಂಜೇಶ್ವರದ ಜೈನ ಬಸದಿ. ಉದ್ಯಾವರದ ಅರಸು ಮಂಜಿಷ್ಣಾರ್ ಕ್ಷೇತ್ರದಿಂದ ದೈವಪಾತ್ರಿಗಳು ಸಾವಿರ ಜಮಾಅತ್ ಪಳ್ಳಿಗೆ ತೆರಳಿ, ಉತ್ಸವಕ್ಕೆ ಆಮಂತ್ರಣ ಕೊಟ್ಟು ಬರುವ ಪದ್ಧತಿಯೂ ಅಲ್ಲಿ ಹಿಂದಿನಿಂದ ನಡೆದು ಬಂದಿದೆ. ಇಂತಹ ಮಣ್ಣಿನಲ್ಲಿ ಹುಟ್ಟಿ, ಅಲ್ಲಿಯೇ ಬಾಳಿದವರು ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳು.

ನಮ್ಮಲ್ಲಿ ಅನೇಕ ತಂದೆತಾಯಂದಿರಿಗೆ ಒಂದು ಅಳುಕಿದೆ. ಮಕ್ಕಳು ಅನ್ಯಮತದ ಗ್ರಂಥವನ್ನು ಓದಿದರೆ ಸ್ವಂತ ಮತದಲ್ಲಿ ಶ್ರದ್ಧೆ ಸಡಿಲವಾದೀತೇ? ಸ್ವಂತ ಮತದ ಆಚಾರವನ್ನು ಏಕೆ, ಏನು ಎಂದು ಕೇಳಿದರೆ ಕುಲಕ್ಕೆ ಕುಂದಾದೀತೇ? ಈ ಅಳುಕಿಗೆ ವಾದದಿಂದ ಉತ್ತರ ಹೇಳುವುದು ಕಷ್ಟ. ಆದರೆ ಪೈಗಳ ಬದುಕನ್ನು ಒಮ್ಮೆ ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ.

ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು. ತಂದೆ ಸಾಹುಕಾರ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಗೌಡ ಸಾರಸ್ವತ ಬ್ರಾಹ್ಮಣ ಮನೆತನ; ಮನೆಮಾತು ಕೊಂಕಣಿ. ಮಂಗಳೂರಿನಲ್ಲಿ ಓದುವಾಗ ಪಂಜೆ ಮಂಗೇಶರಾಯರು ಅವರಿಗೆ ಗುರುಗಳಾಗಿ ಸಿಕ್ಕರು. ಮುಂದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಸೇರಿದರು. ಬಿ.ಎ. ಪರೀಕ್ಷೆಯ ಹೊತ್ತಿಗೆ ತಂದೆಯವರು ತೀರಿಕೊಂಡದ್ದರಿಂದ ಪದವಿ ಪೂರ್ತಿಯಾಗಲಿಲ್ಲ. ಬರೆದಿದ್ದ ಇಂಗ್ಲಿಷ್ ಪತ್ರಿಕೆಗೆ ಚಿನ್ನದ ಪದಕ ಬಂತು. ಪದಕ ಪಡೆದವರಿಗೆ ಪದವಿ ಮಾತ್ರ ಇಲ್ಲ! ಮನೆಯ ಹೊಣೆ ಹೊತ್ತು ಊರಿಗೆ ಮರಳಿದ ಪೈಗಳು ಮನೆಯನ್ನೇ ಪಾಠಶಾಲೆ ಮಾಡಿಕೊಂಡರು. ಪುಸ್ತಕಗಳನ್ನು ತರಿಸಿಕೊಂಡು ಸಂಸ್ಕೃತ, ಪಾಲಿ, ಪ್ರಾಕೃತಗಳನ್ನೂ ಹೊರನಾಡಿನ ಹಲವು ಭಾಷೆಗಳನ್ನೂ ಅಭ್ಯಾಸ ಮಾಡಿದರು. ಒಂದು ಮತದ ವಿಷಯ ತಿಳಿಯಬೇಕಾದರೆ ಅದರ ವಿರೋಧಿಗಳು ಹೇಳಿದ್ದನ್ನು ಕೇಳಿದರೆ ಸಾಲದು, ಆ ಮತದ ಮೂಲಗ್ರಂಥವನ್ನೇ ಓದಬೇಕೆಂಬ ನಿಷ್ಠೆ ಅವರ ಬರವಣಿಗೆಯಲ್ಲೆಲ್ಲ ಕಾಣುತ್ತದೆ.

ಪರಂಪರೆಯಿಂದ ಬಂದದ್ದನ್ನು ಪರೀಕ್ಷಿಸದೆ ಒಪ್ಪುವ ಸ್ವಭಾವ ಅವರದಾಗಿರಲಿಲ್ಲ. ಇದು ಮೊದಲು ಕಂಡುಬಂದದ್ದು ಕಾವ್ಯದಲ್ಲಿ. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ನಿಯಮವನ್ನು ಕನ್ನಡ ಕವಿಗಳು ಶತಮಾನಗಳಿಂದ ಪಾಲಿಸಿಕೊಂಡು ಬಂದಿದ್ದರು. 1911ರಲ್ಲಿ ಪೈಗಳು ಈ ಪ್ರಾಸವನ್ನು ಬಿಟ್ಟುಬಿಟ್ಟರು. ಪಂಡಿತರಿಂದ ಆಕ್ಷೇಪ ಬಂದರೂ ಹಿಂದೆ ಸರಿಯಲಿಲ್ಲ. ಆದರೆ ಛಂದಸ್ಸನ್ನು ಬಿಡಲಿಲ್ಲ, ಹಳಗನ್ನಡದ ಸಂಪತ್ತನ್ನು ಬಿಡಲಿಲ್ಲ. ತೊಡಕಾದದ್ದನ್ನು ಕಳಚಿ ಜೀವಾಳವನ್ನು ಉಳಿಸಿಕೊಂಡರು. ಮತದ ವಿಷಯದಲ್ಲಿಯೂ ಅವರ ಕ್ರಮ ಇದೇ ಆಗಿತ್ತು ಎಂದರೆ ತಪ್ಪಾಗದು.

ಪ್ರಾಸ ಬಿಟ್ಟು ಬರೆದ ಮೊದಮೊದಲ ಕವಿತೆಗಳಲ್ಲಿ ‘ಹೊಲೆಯನು ಯಾರು’ ಎಂಬುದೂ ಒಂದು. ಮಡಿ ಮೈಲಿಗೆಗಳು ಬಿಗಿಯಾಗಿದ್ದ ಆ ದಿನಗಳಲ್ಲಿ ಮೇಲ್ಜಾತಿಯ ಸಾಹುಕಾರ ಮನೆತನದ ತರುಣನೊಬ್ಬನು ಈ ಪ್ರಶ್ನೆಯನ್ನು ಎತ್ತಿದ್ದು ಸಣ್ಣ ಸಂಗತಿಯಲ್ಲ. 1946ರಲ್ಲಿ ಬಂದ ‘ಹೆಬ್ಬೆರಳು’ ನಾಟಕಕ್ಕೆ ಏಕಲವ್ಯನ ಕಥೆಯೇ ವಸ್ತು. ಮಹಾಭಾರತವನ್ನು ಪೂಜ್ಯವೆಂದು ತಿಳಿದ ನಾಡಿನಲ್ಲಿ, ಬೇಡರ ಹುಡುಗನ ಬೆರಳು ಕಡಿಸಿದ ಗುರುದಕ್ಷಿಣೆಯ ಪ್ರಸಂಗವನ್ನೇ ಅವರು ರಂಗಕ್ಕೆ ತಂದರು. ನೆರೆಮನೆಯ ಧೂಳನ್ನು ಎಣಿಸುವ ಮೊದಲು ತನ್ನ ಮನೆಯಂಗಳವನ್ನು ಗುಡಿಸಿಕೊಂಡರು.

ಇನ್ನು ಪರಮತಗಳ ವಿಷಯ. ಅವರ ಮೊದಲ ಕವನಸಂಗ್ರಹ ‘ಗಿಳಿವಿಂಡು’ 1930ರಲ್ಲಿ ಪ್ರಕಟವಾಯಿತು. ಮುಂದೆ ಬಂದದ್ದು ‘ಗೊಲ್ಗೊಥಾ’. ಯೇಸುಕ್ರಿಸ್ತನ ಕಡೆಯ ದಿನವೇ ಈ ಖಂಡಕಾವ್ಯದ ವಸ್ತು. ಸ್ವಾತಂತ್ರ್ಯ ಚಳವಳಿ ನಡೆಯುತ್ತಿದ್ದ ಕಾಲ ಅದು. ಆಳುವವರ ಮತವೆಂಬ ಕಾರಣಕ್ಕೆ ಕ್ರೈಸ್ತ ಮತವನ್ನು ಸಂಶಯದಿಂದ ನೋಡುವವರು ಬಹಳ ಮಂದಿ ಇದ್ದರು. ಅದೇ ಕಾಲದಲ್ಲಿ ಒಬ್ಬ ವೈಷ್ಣವ ಮನೆತನದ ಕವಿ, ಶಿಲುಬೆ ಹೊತ್ತು ನಡೆದ ಮಹಾತ್ಮನನ್ನು ಪಂಪ ರನ್ನರ ನುಡಿಯಲ್ಲಿ ಹಾಡಿದರು. ಸುವಾರ್ತೆಗಳನ್ನು ಕ್ರೈಸ್ತ ಭಕ್ತನೊಬ್ಬನು ಓದುವಷ್ಟೇ ಶ್ರದ್ಧೆಯಿಂದ ಓದಿದವರಿಗೆ ಮಾತ್ರ ಅಂತಹ ಕಾವ್ಯ ಸಾಧ್ಯ. ಹಾಗೆಂದು ಅವರು ಕ್ರೈಸ್ತರಾಗಲಿಲ್ಲ. ಯೇಸುವನ್ನು ಹಿಂದೂ ದೇವರೊಬ್ಬನ ಅವತಾರವಾಗಿ ಮಾಡಿ ತಮ್ಮವನನ್ನಾಗಿಸಿಕೊಳ್ಳಲೂ ಇಲ್ಲ. ಯೇಸುವನ್ನು ಯೇಸುವಾಗಿಯೇ ಗೌರವಿಸಿದರು.

1946ರಲ್ಲಿ ‘ವೈಶಾಖಿ’ ಹೊರಬಂತು. ಇದು ಬುದ್ಧನ ಕಡೆಯ ದಿನದ ಕಥೆ. ಶ್ರೀಕೃಷ್ಣನ ಕಡೆಯ ದಿನವನ್ನು ‘ಪ್ರಭಾಸ’ ಎಂಬ ಹೆಸರಿನಲ್ಲಿ, ಗಾಂಧೀಜಿಯವರ ಕಡೆಯ ದಿನವನ್ನು ‘ದೆಹಲಿ’ ಎಂಬ ಹೆಸರಿನಲ್ಲಿ ಬರೆಯುವ ಸಂಕಲ್ಪವೂ ಅವರಿಗಿತ್ತು. ಅವು ಪೂರ್ತಿಯಾಗಲಿಲ್ಲ. ಆದರೆ ಆ ಸಂಕಲ್ಪವೇ ಬಹಳಷ್ಟನ್ನು ಹೇಳುತ್ತದೆ. ಯೇಸು, ಬುದ್ಧ, ಕೃಷ್ಣ, ಗಾಂಧಿ – ನಾಲ್ವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ನಾಲ್ವರನ್ನೂ ಒಂದೇ ಪ್ರಶ್ನೆಯಿಂದ ನೋಡಲು ಅವರು ಬಯಸಿದ್ದರು. ಕಡೆಯ ದಿನವೆಂದರೆ ಪವಾಡದ ದಿನವಲ್ಲ, ಜಯದ ದಿನವೂ ಅಲ್ಲ. ನಂಬಿದ್ದು ಕಷ್ಟದಲ್ಲಿ ಕೈಹಿಡಿಯುತ್ತದೆಯೋ ಇಲ್ಲವೋ ಎಂದು ಒರೆಗೆ ಹಚ್ಚುವ ದಿನ. ತನ್ನನ್ನು ಕೊಲ್ಲುವವರಿಗಾಗಿ ಯೇಸು ಪ್ರಾರ್ಥಿಸಿದನೆಂದು ಸುವಾರ್ತೆ ಹೇಳುತ್ತದೆ. ತನಗೆ ಕಡೆಯ ಊಟ ಬಡಿಸಿದ ಕಮ್ಮಾರ ಚುಂದನನ್ನು ಯಾರೂ ದೂಷಿಸಬಾರದೆಂದು ಬುದ್ಧನು ಶಿಷ್ಯನಿಗೆ ತಿಳಿಸಿದನೆಂದು ಬೌದ್ಧ ಗ್ರಂಥ ಹೇಳುತ್ತದೆ. ದಾರಿ ಬೇರೆಯಾದರೂ ಕರುಣೆ ಬೇರೆಯಲ್ಲ. ಅವನ್ನು ನೋಡಿದ ಕಣ್ಣಿನಿಂದಲೇ ಸ್ವಂತ ಮನೆದೇವರನ್ನೂ ನೋಡಲು ಅವರು ಅಂಜಲಿಲ್ಲ.

ಪೈಗಳು ಕವಿಗಳಷ್ಟೇ ಅಲ್ಲ, ಸಂಶೋಧಕರೂ ಹೌದು. ಶ್ರವಣಬೆಳಗೊಳದ ಗೊಮ್ಮಟ ಮೂರ್ತಿಯ ಪ್ರತಿಷ್ಠೆ ಯಾವ ದಿನ ನಡೆಯಿತೆಂದು ಗ್ರಹಗತಿಗಳ ಲೆಕ್ಕ ಹಾಕಿ, ಕ್ರಿ.ಶ. 981ರ ಮಾರ್ಚ್ 13 ಎಂಬ ನಿರ್ಣಯಕ್ಕೆ ಬಂದರು. ಬೇರೆ ವಿದ್ವಾಂಸರು ಬೇರೆ ದಿನಗಳನ್ನು ಹೇಳಿದ್ದಾರೆ. ಆ ಚರ್ಚೆ ಇರಲಿ. ತನ್ನದಲ್ಲದ ಮತದ ಒಂದು ಮೂರ್ತಿಗಾಗಿ ಒಬ್ಬ ಮನುಷ್ಯ ಇಷ್ಟು ಶ್ರಮಪಟ್ಟನೆಂಬುದು ದೊಡ್ಡದು. ಗೌರವವೆಂದರೆ ದೂರದಿಂದ ಕೈಮುಗಿಯುವುದಷ್ಟೇ ಅಲ್ಲ, ಸತ್ಯವನ್ನು ತಿಳಿಯಲು ದುಡಿಯುವುದೂ ಗೌರವವೇ.

ಬದುಕು ಅವರಿಗೆ ದುಃಖವನ್ನೂ ಕೊಟ್ಟಿತು. 1927ರಲ್ಲಿ ಪತ್ನಿ ಕೃಷ್ಣಾಬಾಯಿಯವರು ತೀರಿಕೊಂಡರು. ಆ ನೋವಿನಿಂದ ಹುಟ್ಟಿದ್ದು ‘ನಂದಾದೀಪ’ದ ಕವಿತೆಗಳು. ‘ಗೊಲ್ಗೊಥಾ’, ‘ವೈಶಾಖಿ’ ಎರಡೂ ಪ್ರಕಟವಾದದ್ದು ಈ ಅಗಲಿಕೆಯ ನಂತರವೇ. ಪರರ ಸಂಕಟವನ್ನು ಅಷ್ಟು ಹತ್ತಿರದಿಂದ ಕಾಣಲು ಸ್ವಂತ ಸಂಕಟವೂ ನೆರವಾಗಿರಬಹುದು.

1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಬಿರುದನ್ನಿತ್ತಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡನಾಡಿನಲ್ಲಿ ಈ ನೆಲ ಸೇರಬೇಕೆಂದು ಹಂಬಲಿಸಿದ ಅವರಿಗೆ ಅದೊಂದು ಆರದ ಗಾಯ. ಆದರೂ ಆ ನೋವು ಭಾಷಾದ್ವೇಷವಾಗಲಿಲ್ಲ. ಮನೆಯಲ್ಲಿ ಕೊಂಕಣಿ, ಊರಲ್ಲಿ ತುಳು, ಕಾವ್ಯದಲ್ಲಿ ಕನ್ನಡ, ನೆರೆಯಲ್ಲಿ ಮಲೆಯಾಳ – ಇವೆಲ್ಲದರ ನಡುವೆ ಬಾಳಿದ ಪೈಗಳಿಗೆ ತನ್ನದನ್ನು ಪ್ರೀತಿಸುವುದಕ್ಕೆ ಇನ್ನೊಬ್ಬರದನ್ನು ಹಳಿಯಬೇಕಾಗಿರಲಿಲ್ಲ. ಭಾಷೆಯಲ್ಲಿ ಹೇಗೋ ಮತದಲ್ಲಿಯೂ ಹಾಗೆಯೇ.

1963ರ ಸೆಪ್ಟೆಂಬರ್ 6ರಂದು ಅವರು ನಿಧನರಾದರು. ಅವರ ಹೆಸರಿನ ಸರಕಾರಿ ಕಾಲೇಜು ಮಂಜೇಶ್ವರದಲ್ಲಿ 1980ರಲ್ಲಿ ಆರಂಭವಾಯಿತು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಮಂಜೇಶ್ವರದ ಅವರ ಮನೆಯ ಹಿತ್ತಲಲ್ಲಿ ‘ಗಿಳಿವಿಂಡು’ ಸ್ಮಾರಕ ಎದ್ದಿದೆ.

ಕಾರಡ್ಕ, ಮುಳ್ಳೇರಿಯ, ಆದೂರು ಕಡೆಯ ನಮ್ಮ ಕನ್ನಡ ಮನೆಗಳ ಮಕ್ಕಳು ಹಿಂದೂ, ಮುಸ್ಲಿಂ, ಕ್ರೈಸ್ತ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕೂತು ಓದುತ್ತಾರೆ. ಅವರು ಮನೆಗೆ ಬಂದು ಏನಾದರೂ ಪ್ರಶ್ನೆ ಕೇಳಿದರೆ ಹಿರಿಯರು ಗದರಿಸುವುದು ಬೇಡ. ನಮಗೆ ತಿಳಿದಿದ್ದರೆ ಹೇಳೋಣ, ತಿಳಿಯದಿದ್ದರೆ ಕೂಡಿ ಓದೋಣ. ಪ್ರಶ್ನೆ ಕೇಳಿದ್ದರಿಂದ ಪೈಗಳ ಶ್ರದ್ಧೆ ಕುಂದಲಿಲ್ಲ. ಪರಮತವನ್ನು ಓದಿದ್ದರಿಂದ ಅವರ ಕುಲಕ್ಕೆ ಕುಂದು ಬರಲಿಲ್ಲ. ಈ ಸಲ ರಜೆಯಲ್ಲಿ ಮಕ್ಕಳನ್ನು ಒಮ್ಮೆ ಮಂಜೇಶ್ವರಕ್ಕೆ ಕರೆದುಕೊಂಡು ಹೋಗಿ, ಆ ಮನೆಯನ್ನು ತೋರಿಸಿ ಬರಬಾರದೇ?