ಸೇಠ್ ವಾಲ್‌ಚಂದ್ ಹೀರಾಚಂದ್: ನೆಲ, ಜಲ, ಆಕಾಶದಲ್ಲಿ ಉದ್ಯಮ ಕಟ್ಟಿದ ಜೈನ ಸಾಹಸಿ

ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆ, ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್, ಮುಂಬಯಿಯ ಪ್ರೀಮಿಯರ್ ಮೋಟಾರು ಕಂಪನಿ, ಪುಣೆ ಜಿಲ್ಲೆಯ ವಾಲ್‌ಚಂದ್‌ನಗರದ ಸಕ್ಕರೆ ಕಾರ್ಖಾನೆ. ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಈ ನಾಲ್ಕೂ ಸಂಸ್ಥೆಗಳ ಮೂಲದಲ್ಲಿ ಒಬ್ಬರೇ ವ್ಯಕ್ತಿ ಇದ್ದಾರೆ. ಅವರು ಸೊಲ್ಲಾಪುರದ ದಿಗಂಬರ ಜೈನ ಮನೆತನದ ಸೇಠ್ ವಾಲ್‌ಚಂದ್ ಹೀರಾಚಂದ್ ದೋಶಿ. ದೇಶ ಪರರ ಆಳ್ವಿಕೆಯಲ್ಲಿದ್ದಾಗ, ದೊಡ್ಡ ಉದ್ಯಮಕ್ಕೆ ಸರ್ಕಾರದ ಬೆಂಬಲವೇ ಇಲ್ಲದಿದ್ದಾಗ, ದಖ್ಖನ್ನಿನ ಬರಡು ಭೂಮಿಯಿಂದ ಹಿಡಿದು ಬರ್ಮಾದ ಬಂದರಿನವರೆಗೆ, ಮೈಸೂರು ಸಂಸ್ಥಾನದಿಂದ ಆಂಧ್ರದ ಕರಾವಳಿಯವರೆಗೆ ಬಂಡವಾಳ ಹೂಡಿದವರು ಅವರು.

ಜನನ ಮತ್ತು ಮನೆತನ

ವಾಲ್‌ಚಂದರು ಹುಟ್ಟಿದ್ದು 1882ರ ನವೆಂಬರ್ 23ರಂದು, ಸೊಲ್ಲಾಪುರದಲ್ಲಿ. ಗುಜರಾತ್ ಮೂಲದ ಈ ಕುಟುಂಬ ಹತ್ತಿ ವ್ಯಾಪಾರ ಮತ್ತು ಲೇವಾದೇವಿಯಲ್ಲಿ ಹೆಸರು ಮಾಡಿತ್ತು. ಸೊಲ್ಲಾಪುರ ಮರಾಠಿ, ಕನ್ನಡ, ತೆಲುಗು ಮೂರೂ ಭಾಷೆಗಳು ಕೇಳಿಬರುವ ಊರು. ತಂದೆ ಹೀರಾಚಂದ್ ನೇಮಚಂದರು ವ್ಯಾಪಾರಿ ಮಾತ್ರವಾಗಿರಲಿಲ್ಲ. ಜೈನ ಸಮಾಜದ ಸುಧಾರಣೆಗಾಗಿ ದುಡಿದ ಅವರು ‘ಜೈನ ಬೋಧಕ’ ಪತ್ರಿಕೆಯನ್ನು ಆರಂಭಿಸಿ, ಸಮಾಜದವರಿಗೆ ಓದು ಬರಹದ ರುಚಿ ಹಚ್ಚಿದವರು. ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡ ವಾಲ್‌ಚಂದರು ಬೆಳೆದದ್ದು ಇಂಥ ಮನೆಯಲ್ಲಿ.

ಮುಂಬಯಿ ಮತ್ತು ಪುಣೆಯ ಕಾಲೇಜುಗಳಲ್ಲಿ ಓದಿದರೂ ಪದವಿ ಪೂರೈಸದೆ ಅವರು ಮನೆಯ ವ್ಯಾಪಾರಕ್ಕೆ ಬಂದರು. ಆದರೆ ಪೇಟೆಯಲ್ಲಿ ಕೂತು ಬಡ್ಡಿಯ ಲೆಕ್ಕ ಬರೆಯುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕ್ ಎಂಬ ಬ್ರಾಹ್ಮಣ ಗೆಳೆಯರೊಂದಿಗೆ ಪಾಲುದಾರಿಕೆ ಮಾಡಿಕೊಂಡು ಬಾರ್ಶಿ ಲೈಟ್ ರೈಲ್ವೆಯ ಗುತ್ತಿಗೆ ಹಿಡಿದರು. ಫಾಟಕರಿಗೆ ಕೆಲಸದ ಒಳಹೊರಗು ಗೊತ್ತಿತ್ತು, ವಾಲ್‌ಚಂದರ ಬಳಿ ಹಣ ಹೊಂದಿಸುವ ಶಕ್ತಿಯಿತ್ತು. ಕೆಲಸ ಬಲ್ಲವರನ್ನು ಹುಡುಕಿ ಜೊತೆಗಿಟ್ಟುಕೊಳ್ಳುವ, ಇತರರ ಬಂಡವಾಳವನ್ನೂ ಸೇರಿಸಿಕೊಳ್ಳುವ ಈ ಪದ್ಧತಿಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ಗುತ್ತಿಗೆಯಿಂದ ಕಂಪನಿಗೆ

ರೈಲು ಹಳಿಯ ಚಿಕ್ಕ ಗುತ್ತಿಗೆಗಳು ಕ್ರಮೇಣ ದೊಡ್ಡವಾದವು. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಕಟ್ಟಡಗಳ ಕೆಲಸ ದೊರೆಯಿತು. 1920ರಲ್ಲಿ ಟಾಟಾ ಮನೆತನದೊಂದಿಗೆ ಸೇರಿ ಟಾಟಾ ಕನ್‌ಸ್ಟ್ರಕ್ಷನ್ ಕಂಪನಿ ನಡೆಸಿದರು. ಮುಂಬಯಿ ಮತ್ತು ಪುಣೆಯ ನಡುವಿನ ಭೋರ್ ಘಾಟ್‌ನ ರೈಲು ಸುರಂಗಗಳು, ತಾನ್ಸಾ ಕೆರೆಯಿಂದ ಮುಂಬಯಿಗೆ ನೀರು ತರುವ ಕೊಳವೆ ಮಾರ್ಗ ಈ ಅವಧಿಯ ಪ್ರಮುಖ ಕೆಲಸಗಳು. ಇಷ್ಟು ದೊಡ್ಡ ಕಾಮಗಾರಿಯನ್ನು ವಿಲಾಯತಿ ಕಂಪನಿಗಳೇ ಮಾಡಬೇಕು ಎಂಬ ನಂಬಿಕೆ ಇದ್ದ ದಿನಗಳವು. 1926ರಲ್ಲಿ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಸ್ಥಾಪನೆಯಾಯಿತು. ಗುತ್ತಿಗೆಯಲ್ಲಿ ಕೈಗೆ ಬರುತ್ತಿದ್ದ ನಗದು ಹಣ ಅವರ ಮುಂದಿನ ಸಾಹಸಗಳಿಗೆ ಆಧಾರವಾಯಿತು.

ಸಮುದ್ರಕ್ಕಿಳಿದ ವ್ಯಾಪಾರ

1919ರಲ್ಲಿ ಗ್ವಾಲಿಯರ್‌ನ ಸಿಂಧಿಯಾ ಮಹಾರಾಜರ ಒಂದು ಹಡಗು ಮಾರಾಟಕ್ಕಿದೆ ಎಂಬ ಸುದ್ದಿ ವಾಲ್‌ಚಂದರಿಗೆ ತಿಳಿಯಿತು. ಯುದ್ಧಕಾಲದಲ್ಲಿ ಅದು ಗಾಯಾಳು ಸೈನಿಕರ ಆಸ್ಪತ್ರೆಯಾಗಿದ್ದ ‘ಲಾಯಲ್ಟಿ’. ನರೋತ್ತಮ ಮೊರಾರ್ಜಿ, ಕಿಲಾಚಂದ್ ದೇವಚಂದ್, ಲಲ್ಲೂಭಾಯಿ ಸಾಮಲ್‌ದಾಸ್ ಅವರೊಂದಿಗೆ ಸೇರಿ ಅದನ್ನು ಕೊಂಡರು. ಅದೇ ವರ್ಷ ನಾಲ್ಕೂವರೆ ಕೋಟಿ ರೂಪಾಯಿ ಬಂಡವಾಳದ ಗುರಿಯೊಂದಿಗೆ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಹುಟ್ಟಿತು. 1919ರ ಏಪ್ರಿಲ್ 5ರಂದು ಲಾಯಲ್ಟಿ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಇಂದು ಏಪ್ರಿಲ್ 5ನ್ನು ದೇಶವು ರಾಷ್ಟ್ರೀಯ ಸಾಗರಯಾನ ದಿನವಾಗಿ ಆಚರಿಸುವುದು ಆ ಯಾತ್ರೆಯ ನೆನಪಿಗಾಗಿ.

ಆದರೆ ವ್ಯವಹಾರದ ದೃಷ್ಟಿಯಿಂದ ಲಾಯಲ್ಟಿ ಲಾಭ ತರಲಿಲ್ಲ. ಕೆಲವೇ ವರ್ಷಗಳಲ್ಲಿ ಅದನ್ನು ಮಾರಬೇಕಾಯಿತು. ಕಂಪನಿ ಯೂರೋಪಿನ ದಾರಿಯನ್ನು ಬದಿಗಿಟ್ಟು ಭಾರತ, ಬರ್ಮಾ, ಸಿಲೋನ್ ಕರಾವಳಿಯ ಸರಕು ಸಾಗಣೆಯತ್ತ ತಿರುಗಿತು. ಆಗ ಬರ್ಮಾ ವೇಗವಾಗಿ ಬೆಳೆಯುತ್ತಿದ್ದ ನಾಡು. ರಂಗೂನಿನಿಂದ ಅಕ್ಕಿ ಮತ್ತು ತೇಗದ ಮರ ಭಾರತದ ಬಂದರುಗಳಿಗೆ ಬರುತ್ತಿತ್ತು. ಈ ವ್ಯಾಪಾರ ನಡೆಸುವವರಲ್ಲಿ ಭಾರತೀಯರು ಬಹಳವಿದ್ದರೂ ಸರಕು ಹೊರುವ ಹಡಗುಗಳು ಲಾರ್ಡ್ ಇಂಚ್‌ಕೇಪ್‌ರ ಬ್ರಿಟಿಷ್ ಇಂಡಿಯಾ ಕಂಪನಿಯ ಹಿಡಿತದಲ್ಲಿದ್ದವು.

ಹೊಸಬರನ್ನು ಹೊರಗಿಡಲು ಆ ಕಂಪನಿಗೆ ಎರಡು ಆಯುಧಗಳಿದ್ದವು. ಒಂದು, ಸಾಗಣೆ ದರವನ್ನು ಅಸಲಿಗಿಂತಲೂ ಕೆಳಕ್ಕೆ ಇಳಿಸುವುದು. ಇನ್ನೊಂದು, ತಡೆಹಿಡಿದ ರಿಯಾಯಿತಿ. ವ್ಯಾಪಾರಿಯು ಹಲವು ತಿಂಗಳು ಬೇರೆ ಯಾರ ಹಡಗಿನಲ್ಲೂ ಸರಕು ಕಳಿಸದಿದ್ದರೆ ಮಾತ್ರ ಅವನು ಕೊಟ್ಟ ಬಾಡಿಗೆಯ ಒಂದು ಭಾಗ ಮರಳಿ ಸಿಗುತ್ತಿತ್ತು. ಒಮ್ಮೆ ಸಿಂಧಿಯಾ ಹಡಗಿಗೆ ಸರಕು ಹಾಕಿದರೂ ಆ ಹಣ ಹೋದಂತೆ. ಇದರಿಂದ ಸ್ವದೇಶಿ ಕಂಪನಿಯ ಮೇಲೆ ಅಭಿಮಾನವಿದ್ದ ವ್ಯಾಪಾರಿಗಳೂ ಕೈಕಟ್ಟಿ ಕೂರಬೇಕಾಯಿತು.

ಈ ಮೊದಲೂ ಹಲವು ದೇಶೀ ಹಡಗು ಕಂಪನಿಗಳು ಇದೇ ದರ ಸಮರದಲ್ಲಿ ಮುಳುಗಿದ್ದವು. ಸಿಂಧಿಯಾವನ್ನೂ ಕೊಂಡುಬಿಡುವ ಪ್ರಸ್ತಾಪ ಬಂದಾಗ ವಾಲ್‌ಚಂದರು ಅದನ್ನು ಬಲವಾಗಿ ವಿರೋಧಿಸಿದರು. ಕೊನೆಗೆ 1923ರಲ್ಲಿ ಹತ್ತು ವರ್ಷಗಳ ಒಪ್ಪಂದವಾಯಿತು. ಎಷ್ಟು ಹಡಗು ಇಡಬೇಕು, ಯಾವ ದಾರಿಯಲ್ಲಿ ಓಡಿಸಬೇಕು ಎಂಬುದಕ್ಕೆ ಕಟ್ಟುನಿಟ್ಟಿನ ಮಿತಿಗಳಿದ್ದ ಒಪ್ಪಂದ ಅದು. ಅದು ಗೌರವದ ಒಪ್ಪಂದವಾಗಿರಲಿಲ್ಲ, ಆದರೆ ಕಂಪನಿ ಬದುಕಿತು. ಬದುಕಿ ಉಳಿದರೆ ಮುಂದೆ ಹೋರಾಡಬಹುದು ಎಂಬ ಲೆಕ್ಕ ಸರಿಯಾಯಿತು. 1929ರಲ್ಲಿ ನರೋತ್ತಮ ಮೊರಾರ್ಜಿ ತೀರಿಕೊಂಡ ಬಳಿಕ ವಾಲ್‌ಚಂದರೇ ಅಧ್ಯಕ್ಷರಾಗಿ, 1950ರವರೆಗೆ ಕಂಪನಿಯನ್ನು ನಡೆಸಿದರು. ಕರಾವಳಿ ವ್ಯಾಪಾರವನ್ನು ಭಾರತೀಯ ಹಡಗುಗಳಿಗೆ ಮೀಸಲಿಡಬೇಕೆಂಬ ಬೇಡಿಕೆಯನ್ನು ಶಾಸನಸಭೆಯವರೆಗೆ ಒಯ್ದದ್ದೂ ಈ ಬಳಗವೇ.

ಬರಡು ನೆಲದಲ್ಲಿ ಕಬ್ಬು

ಹಡಗಿನ ಹೋರಾಟದ ನಡುವೆಯೇ, 1923ರಲ್ಲಿ, ವಾಲ್‌ಚಂದರು ನಾಸಿಕ್ ಜಿಲ್ಲೆಯ ಮಾಲೆಗಾಂವ್ ಸಮೀಪದ ರಾವಳ್‌ಗಾಂವ್‌ನಲ್ಲಿ ಕಲ್ಲುಮಣ್ಣಿನ ವಿಶಾಲ ಜಮೀನು ಕೊಂಡರು. ಕಲ್ಲು ಆರಿಸಿ, ನೆಲ ಹದಮಾಡಿ, ನೀರು ತಂದು ಕಬ್ಬು ಬೆಳೆಸಲು ವರ್ಷಗಳೇ ಬೇಕಾದವು. 1932ರಲ್ಲಿ ಸರ್ಕಾರ ದೇಶೀ ಸಕ್ಕರೆಗೆ ಆಮದು ಸುಂಕದ ರಕ್ಷಣೆ ಕೊಟ್ಟಿತು. ಮರುವರ್ಷವೇ ರಾವಳ್‌ಗಾಂವ್‌ನಲ್ಲಿ ಸಕ್ಕರೆ ಕಾರ್ಖಾನೆ ಶುರುವಾಯಿತು. ಬೆಳೆ ಮೊದಲೇ ಸಿದ್ಧವಿದ್ದುದರಿಂದ ಅವಕಾಶ ಬಂದಾಗ ಕಾಯಬೇಕಾಗಲಿಲ್ಲ. ಅದೇ ರೀತಿ ನೀರಾ ಕಾಲುವೆಯ ನೀರು ಹರಿಯುವ ಇಂದಾಪುರ ತಾಲೂಕಿನ ಕಳಂಬ್‌ನಲ್ಲಿ ಎರಡನೆಯ ಕಾರ್ಖಾನೆ ಬಂದಿತು. ಅದರ ಸುತ್ತ ಬೆಳೆದ ಊರೇ ಇಂದಿನ ವಾಲ್‌ಚಂದ್‌ನಗರ. ರಾವಳ್‌ಗಾಂವ್‌ನಲ್ಲಿ 1940ರ ದಶಕದಲ್ಲಿ ಆರಂಭವಾದ ಮಿಠಾಯಿ ತಯಾರಿಕೆ ಮುಂದೆ ದೇಶದ ಮಕ್ಕಳಿಗೆಲ್ಲ ಪರಿಚಿತವಾಯಿತು.

ಮೈಸೂರು ಸಂಸ್ಥಾನದ ನೆರವು, ಬೆಂಗಳೂರಿನ ವಿಮಾನ

ಮೋಟಾರು ಕಾರು ಇಲ್ಲೇ ತಯಾರಾಗಬೇಕೆಂಬುದು ಸರ್ ಎಂ. ವಿಶ್ವೇಶ್ವರಯ್ಯನವರ ಬಹುಕಾಲದ ಒತ್ತಾಯವಾಗಿತ್ತು. ಆ ಯೋಜನೆಯನ್ನು ಕೈಗೆತ್ತಿಕೊಂಡ ವಾಲ್‌ಚಂದರು ಅಮೆರಿಕಕ್ಕೆ ಹೋಗಿ ಕಾರು ಕಂಪನಿಗಳೊಂದಿಗೆ ಮಾತುಕತೆ ನಡೆಸಿದರು. ಅಲ್ಲಿಂದ ಹಾಂಗ್‌ಕಾಂಗ್ ಕಡೆಗೆ ಬರುವ ವಿಮಾನದಲ್ಲಿ ಅವರಿಗೆ ವಿಲಿಯಂ ಪಾಲಿ ಎಂಬ ಅಮೆರಿಕನ್ ಉದ್ಯಮಿಯ ಪರಿಚಯವಾಯಿತು. ಪಾಲಿ ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದರು. ಕಾರಿನ ಕನಸು ಹೊತ್ತು ಹೋದವರು ವಿಮಾನದ ಯೋಜನೆಯೊಂದಿಗೆ ಮರಳಿದರು.

ಎರಡನೆಯ ಮಹಾಯುದ್ಧ ಏಷ್ಯಾದ ಕಡೆಗೂ ಹಬ್ಬುವ ಭಯವಿದ್ದುದರಿಂದ ಸರ್ಕಾರಕ್ಕೂ ವಿಮಾನಗಳು ಬೇಕಿದ್ದವು. ಕಾರ್ಖಾನೆ ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆ ಬಂದಾಗ ಮೈಸೂರು ಸಂಸ್ಥಾನ ಮುಂದೆ ಬಂದಿತು. ಬೆಂಗಳೂರು ಕರಾವಳಿಯಿಂದ ದೂರ. ಹವೆ ಹಿತಕರ. ಶಿವನಸಮುದ್ರದ ವಿದ್ಯುತ್ತು ಇತ್ತು, ಭದ್ರಾವತಿಯ ಉಕ್ಕು ಇತ್ತು, ಭಾರತೀಯ ವಿಜ್ಞಾನ ಮಂದಿರವೂ ಇತ್ತು. ಅದಕ್ಕಿಂತ ಮುಖ್ಯವಾಗಿ, ಉದ್ಯಮವನ್ನು ತನ್ನದೆಂದು ಭಾವಿಸಿ ಪಾಲು ಹಾಕುವ ಆಡಳಿತವಿತ್ತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಸಂಸ್ಥಾನ 25 ಲಕ್ಷ ರೂಪಾಯಿ ಬಂಡವಾಳ ಮತ್ತು 700 ಎಕರೆ ಜಮೀನು ಒದಗಿಸಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ವರ್ಷ ತುಂಬುವ ಮೊದಲೇ, 1941ರಲ್ಲಿ, ಹಾರ್ಲೋ ತರಬೇತಿ ವಿಮಾನ ಬೆಂಗಳೂರಿನ ಆಕಾಶದಲ್ಲಿ ಹಾರಿತು.

ಆದರೆ ಈ ಸಂತೋಷ ಹೆಚ್ಚು ಕಾಲ ಉಳಿಯಲಿಲ್ಲ. 1941ರಲ್ಲಿ ಭಾರತ ಸರ್ಕಾರ ಮೂರನೇ ಒಂದು ಪಾಲು ಪಡೆಯಿತು. ಜಪಾನೀ ಸೈನ್ಯ ಬರ್ಮಾದೊಳಗೆ ನುಗ್ಗಿದ ಮೇಲೆ, 1942ರಲ್ಲಿ, ವಾಲ್‌ಚಂದರ ಪಾಲನ್ನು ಕೊಂಡು ಆಡಳಿತವನ್ನೂ ಕೈಗೆ ತೆಗೆದುಕೊಂಡಿತು. ಹಣ ಸಿಕ್ಕಿತು, ಕಾರ್ಖಾನೆ ಕೈಬಿಟ್ಟಿತು. ಅದೇ ಹಿಂದೂಸ್ತಾನ್ ಏರ್‌ಕ್ರಾಫ್ಟ್ 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಆಗಿ, ಬೆಂಗಳೂರಿನ ಸಾವಿರಾರು ಮನೆಗಳಿಗೆ ಅನ್ನ ನೀಡಿತು.

ಮೈಸೂರಿನಲ್ಲಿ ಕಾರು ಕಾರ್ಖಾನೆ ತೆರೆಯಲೂ ಪ್ರಯತ್ನ ನಡೆದಿತ್ತು. ಸಂಸ್ಥಾನ ಆಸಕ್ತಿ ತೋರಿದರೂ, ಯುದ್ಧದ ಅಗತ್ಯಕ್ಕೆ ಅದು ಸೇರದು ಎಂದು ಬ್ರಿಟಿಷ್ ಸರ್ಕಾರ ಅಡ್ಡ ಬಂದಿತು. ಕೊನೆಗೆ 1944ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಕ್ರೈಸ್ಲರ್ ಕಂಪನಿಯ ಸಹಕಾರದೊಂದಿಗೆ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಗಿ, 1947ರಲ್ಲಿ ಕಾರುಗಳು ಹೊರಬಂದವು.

ವಿಶಾಖಪಟ್ಟಣದ ಹಡಗು

ಹಡಗು ಓಡಿಸಿದರೆ ಸಾಲದು, ಕಟ್ಟಬೇಕು ಎಂಬುದು ವಾಲ್‌ಚಂದರ ಹಳೆಯ ಹಂಬಲ. ಕಲ್ಕತ್ತೆಯಲ್ಲಿ ಜಾಗ ದೊರೆಯಲಿಲ್ಲ. ಆಗಿನ್ನೂ ಚಿಕ್ಕದಾಗಿದ್ದ ವಿಶಾಖಪಟ್ಟಣದ ಬಂದರನ್ನು ಆರಿಸಿಕೊಂಡರು. 1941ರ ಜೂನ್ 21ರಂದು ಡಾ. ರಾಜೇಂದ್ರ ಪ್ರಸಾದರು ಅಡಿಗಲ್ಲು ಹಾಕಿದರು. ಮರುವರ್ಷ ಏಪ್ರಿಲ್‌ನಲ್ಲಿ ಜಪಾನೀ ವಿಮಾನಗಳು ಆ ಊರಿನ ಮೇಲೆ ಬಾಂಬು ಹಾಕಿದವು. ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಮತ್ತೆ ಸಾಗಿ, 1948ರ ಮಾರ್ಚ್ 14ರಂದು ಪಂಡಿತ್ ನೆಹರೂ ಅವರು ‘ಜಲ ಉಷಾ’ ಹಡಗನ್ನು ನೀರಿಗಿಳಿಸಿದರು. 8,000 ಟನ್ನಿನ ಆ ಹಡಗು ಸ್ವತಂತ್ರ ಭಾರತದ ನೆಲದಲ್ಲಿ ಸಿದ್ಧವಾದ ಮೊದಲ ದೊಡ್ಡ ಉಗಿಹಡಗು. ವಿಲಾಯತಿ ಹಡಗುಗಳಿಗಿಂತ ಇಲ್ಲಿನ ಹಡಗಿನ ವೆಚ್ಚ ಹೆಚ್ಚಾದ್ದರಿಂದ ಸರ್ಕಾರದ ನೆರವಿಲ್ಲದೆ ಶಿಪ್‌ಯಾರ್ಡ್ ನಡೆಯುವಂತಿರಲಿಲ್ಲ. 1952ರಲ್ಲಿ ಅದರ ಹೆಚ್ಚಿನ ಪಾಲು ಸರ್ಕಾರಕ್ಕೆ ಸೇರಿ, ಹಿಂದೂಸ್ತಾನ್ ಶಿಪ್‌ಯಾರ್ಡ್ ಎಂಬ ಹೆಸರು ಬಂದಿತು.

ವ್ಯಾಪಾರಿಗಳ ಸಂಘಟನೆ

ಒಬ್ಬೊಬ್ಬರೇ ಸರ್ಕಾರದ ಬಾಗಿಲು ತಟ್ಟಿದರೆ ಕೆಲಸವಾಗದು ಎಂಬುದು ವಾಲ್‌ಚಂದರಿಗೆ ಹಡಗಿನ ವ್ಯಾಪಾರದಲ್ಲೇ ಮನದಟ್ಟಾಗಿತ್ತು. 1927ರಲ್ಲಿ ಅವರು ಮಹಾರಾಷ್ಟ್ರ ವಾಣಿಜ್ಯ ಮಂಡಳಿಯನ್ನು ಸ್ಥಾಪಿಸಿದರು. ದೇಶದ ವಾಣಿಜ್ಯ ಮಂಡಳಿಗಳ ಮಹಾಒಕ್ಕೂಟ ಫಿಕ್ಕಿಯ ಆರಂಭದಲ್ಲೂ ಪಾಲ್ಗೊಂಡು, 1932-33ರಲ್ಲಿ ಅದರ ಅಧ್ಯಕ್ಷರಾದರು.

ಕೊನೆಯ ದಿನಗಳು ಮತ್ತು ಪರಂಪರೆ

ಅನಾರೋಗ್ಯದಿಂದಾಗಿ 1950ರಲ್ಲಿ ವಾಲ್‌ಚಂದರು ವ್ಯವಹಾರದಿಂದ ನಿವೃತ್ತರಾದರು. ಅವರಿಗೆ ಉತ್ತರಾಧಿಕಾರಿಗಳಾಗಿ ಗಂಡು ಮಕ್ಕಳಿರಲಿಲ್ಲ. ಪತ್ನಿ ಕಸ್ತೂರಬಾಯಿ ಕೊನೆಯವರೆಗೂ ಜೊತೆಗಿದ್ದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಅವರು ಕೊನೆಯುಸಿರೆಳೆದರು. ತಮ್ಮಂದಿರಾದ ಗುಲಾಬ್‌ಚಂದ್, ರತನ್‌ಚಂದ್ ಮತ್ತು ಲಾಲ್‌ಚಂದರ ಕುಟುಂಬಗಳು ಉದ್ಯಮಗಳನ್ನು ಮುಂದುವರಿಸಿದವು. ಸಾಂಗ್ಲಿಯ ಎಂಜಿನಿಯರಿಂಗ್ ಕಾಲೇಜು ಇಂದು ಅವರ ಹೆಸರಿನಲ್ಲಿದೆ. ಉತ್ತರ ಕರ್ನಾಟಕದ ಅನೇಕ ಜೈನ ಕುಟುಂಬಗಳಿಗೂ ಅದು ಪರಿಚಿತ ವಿದ್ಯಾಸಂಸ್ಥೆ.

ವಾಲ್‌ಚಂದರ ಜೀವನವನ್ನು ಲಾಭ ನಷ್ಟದ ಪುಸ್ತಕದಂತೆ ಓದಿದರೆ ಲೆಕ್ಕ ಸುಲಭಕ್ಕೆ ಹೊಂದುವುದಿಲ್ಲ. ವಿಮಾನ ಕಾರ್ಖಾನೆ ಎರಡು ವರ್ಷವೂ ಅವರ ಕೈಯಲ್ಲಿ ಉಳಿಯಲಿಲ್ಲ. ಶಿಪ್‌ಯಾರ್ಡ್ ಅವರ ಕಣ್ಣೆದುರೇ ಸರ್ಕಾರಕ್ಕೆ ಸೇರಿತು. ಹಡಗು ಕಂಪನಿ ಮೂವತ್ತು ವರ್ಷ ಹೋರಾಟದಲ್ಲೇ ಕಳೆಯಿತು. ಸಾಲ ಮತ್ತು ಇತರರ ಬಂಡವಾಳವನ್ನು ನಂಬಿ ಅಳತೆಗೆ ಮೀರಿ ಕೈಚಾಚಿದರು ಎಂಬ ಟೀಕೆಯೂ ಅವರ ಮೇಲೆ ಇತ್ತು. ಆದರೂ ಅವರು ಆರಿಸಿದ ಜಾಗಗಳು ಇಂದಿಗೂ ಸುಳ್ಳಾಗಿಲ್ಲ. ಬೆಂಗಳೂರಿನಲ್ಲಿ ವಿಮಾನ ತಯಾರಾಗುತ್ತಿದೆ, ವಿಶಾಖಪಟ್ಟಣದಲ್ಲಿ ಹಡಗಿನ ಕೆಲಸ ನಡೆಯುತ್ತಿದೆ, ಕಳಂಬ್‌ನ ಬಯಲು ಊರಾಗಿದೆ. ಅಪರಿಗ್ರಹವನ್ನು ವ್ರತವಾಗಿ ಕಾಣುವ ಸಮಾಜದಲ್ಲಿ ಹುಟ್ಟಿದ ಈ ಶ್ರೇಷ್ಠಿಯು ಕಟ್ಟಿದ್ದರಲ್ಲಿ ಬಹುಪಾಲು ಕೊನೆಗೆ ನಾಡಿನ ಸ್ವತ್ತಾಯಿತು. ಹೊಸ ಊರಿನಲ್ಲಿ ಉದ್ಯಮ ಆರಂಭಿಸಲು ಹೊರಡುವ ಇಂದಿನ ಜೈನ ಯುವಕ ಯುವತಿಯರು ಅವರಿಂದ ಕಲಿಯಬೇಕಾದದ್ದು ಇದು: ನೆಲ, ನೀರು, ಸಾಗಣೆ, ಆಡಳಿತದ ಮನಸ್ಸು ಇವನ್ನು ಮೊದಲು ತಿಳಿಯಬೇಕು, ಕೆಲಸ ಬಲ್ಲವರನ್ನು ಪಾಲುದಾರರಾಗಿಸಿಕೊಳ್ಳಬೇಕು, ಕೈಬಿಟ್ಟು ಹೋದರೂ ನಿಲ್ಲುವಂಥದ್ದನ್ನು ಕಟ್ಟಬೇಕು.