ಗಂಗಾಮೂಲದ ಬಾಲೆ ಪಂಡಿತೆ ರಮಾಬಾಯಿ

ವರುಷ ವರುಷವೂ ಮೇಲಿನ ತರಗತಿಯ ಬಾಲೆಯರು ಶಾಲೆಯನ್ನು ಬಿಟ್ಟು ಹೊರಡುವ ದಿನ, ಅವರ ಮುಖದಲ್ಲಿ ನಗೆಯೂ ಕಣ್ಣಿನಲ್ಲಿ ನೀರೂ ಒಟ್ಟಿಗೇ ಇರುವುದನ್ನು ನಾವು ನೋಡುತ್ತ ಬಂದಿದ್ದೇವೆ. ದೊಡ್ಡವರಾದೆವೆಂಬ ಹಿಗ್ಗು ಒಂದು ಕಡೆ. ಇನ್ನು ಮಕ್ಕಳಲ್ಲವೆಂಬ ಅಳುಕು ಇನ್ನೊಂದು ಕಡೆ. ಅವರಿಗಾಗಿ, ನಮ್ಮ ಲಾಯಿಲದ ಉತ್ತರಕ್ಕಿರುವ ಕುದುರೆಮುಖದ ಘಟ್ಟಸಾಲಿನಲ್ಲಿಯೇ ಹುಟ್ಟಿದ ಓರ್ವ ಮಹನೀಯಳ ಚರಿತ್ರೆಯನ್ನು, ಮುಖ್ಯವಾಗಿ ಆಕೆಯ ಹರೆಯದ ಭಾಗವನ್ನು, ಇಲ್ಲಿ ಬರೆಯುತ್ತೇವೆ.

ಪಂಡಿತೆ ರಮಾಬಾಯಿಯವರು 1858ನೇ ಏಪ್ರಿಲ್ 23ರಂದು ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತವನ್ನು ಕಲಿಸಿದರೆಂದು ಜಾತಿಯವರ ಆಕ್ಷೇಪಕ್ಕೆ ಗುರಿಯಾದ ಅವರು ಆ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡಿದ್ದರು. ಕೂಸಿಗೆ ಆರು ತಿಂಗಳಾದಾಗ ಸಂಸಾರವು ಅಲ್ಲಿಂದ ಹೊರಟಿತು; ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಕೂಸನ್ನು ಘಟ್ಟದಿಂದ ಇಳಿಸಿದರು. ಅಂದಿನಿಂದ ಪುರಾಣವನ್ನು ಓದುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದೇ ಅವರ ಬಾಳಾಯಿತು.

ಆ ಕಾಲದಲ್ಲಿ ಅಂಥ ಕುಲದ ಹೆಣ್ಣಿಗೆ ಹರೆಯವೆಂಬುದೇ ಇರಲಿಲ್ಲವೆನ್ನಬಹುದು. ತಾಯಿ ಲಕ್ಷ್ಮೀಬಾಯಿಯು ಒಂಬತ್ತನೆಯ ವಯಸ್ಸಿನಲ್ಲಿಯೇ ಮದುವೆಯಾಗಿ ಬಂದವಳು. ಆದರೆ ಹಿರಿಯ ಮಗಳ ವಿವಾಹವು ದುಃಖದಲ್ಲಿ ಮುಗಿದುದರಿಂದ ತಂದೆಯು ರಮಾಳಿಗೆ ಬಾಲ್ಯವಿವಾಹವನ್ನು ಮಾಡಲಿಲ್ಲ. ಹೀಗೆ ದೊರೆತ ವರುಷಗಳನ್ನು ತಾಯಿಯು ವಿದ್ಯೆಯಿಂದ ತುಂಬಿದಳು. ಬೆಳಗಾಗುವ ಮುನ್ನ ಮುದ್ದು ಮಾತುಗಳಿಂದ ಎಬ್ಬಿಸಿ, ಹಕ್ಕಿಗಳ ದನಿಯ ನಡುವೆ ಶ್ಲೋಕಗಳನ್ನು ಹೇಳಿಕೊಡುತ್ತಿದ್ದಳು. ಎಂಟರಿಂದ ಹದಿನೈದರ ತನಕ ನಡೆದ ಈ ಪಾಠದ ಸವಿಯನ್ನು ರಮಾಬಾಯಿಯವರು ಎಂದಿಗೂ ಮರೆಯಲಿಲ್ಲ.

ಬಳಿಕ ಕ್ಷಾಮ ಬಂತು. 1874ರಲ್ಲಿ ತಂದೆಯೂ, ಸ್ವಲ್ಪ ಕಾಲದಲ್ಲಿಯೇ ತಾಯಿಯೂ ತೀರಿಕೊಂಡರು. ಹೆಣವನ್ನು ಹೊರಲು ಬಂದವರು ಇಬ್ಬರೇ. ಅಣ್ಣ ಶ್ರೀನಿವಾಸನು ಮೂರನೆಯವನು. ನಾಲ್ಕನೆಯವಳು ಹದಿನಾರರ ರಮಾ. ಎತ್ತರ ಸಾಲದೆ ಆಕೆಯು ತನ್ನ ಪಾಲಿನ ಭಾರವನ್ನು ತಲೆಯ ಮೇಲಿಟ್ಟುಕೊಂಡು, ಸುಮಾರು ಮೂರು ಮೈಲು ದೂರದ ಸುಡುಗಾಡಿಗೆ ನಡೆದಳು. ದೊಡ್ಡವಳಾಗಲು ಮನಸ್ಸುಂಟೇ ಎಂದು ಆಕೆಯನ್ನು ಕೇಳಿದವರಿಲ್ಲ. ಅಕ್ಕನೂ ಬೇಗನೆ ಹೋದಳು. ಉಳಿದ ಇಬ್ಬರು ಉತ್ತರಕ್ಕೆ ನಡೆದರು; ಝೇಲಂ ನದಿಯ ದಡದಲ್ಲಿ ಚಳಿ ತಾಳಲಾರದೆ ಗುಂಡಿ ತೋಡಿ, ಮೈಮೇಲೆ ಮರಳೆಳೆದು ಮಲಗಿದರು.

1878ರಲ್ಲಿ, ಇಪ್ಪತ್ತರ ಹೊಸ್ತಿಲಿನಲ್ಲಿ, ಅವರು ಕಲ್ಕತ್ತೆಗೆ ಬಂದರು. ಅಲ್ಲಿಯ ವಿದ್ವಾಂಸರು ರಮಾಬಾಯಿಯವರನ್ನು ಪರೀಕ್ಷಿಸಿ ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದನ್ನಿತ್ತರು. ನೋಡಿ ಹಿಗ್ಗಬೇಕಾದ ತಾಯಿ ಮಾತ್ರ ಇರಲಿಲ್ಲ. ಆ ದಿನದ ಸಂತೋಷವು ಎಂಥದಾಗಿದ್ದೀತೆಂದು ನಾವು ಅನೇಕ ಸಾರಿ ಯೋಚಿಸಿದ್ದೇವೆ.

ಮುಂದಿನದು ಅನೇಕರು ಬಲ್ಲ ಚರಿತ್ರೆ. 1880ರಲ್ಲಿ ಅಣ್ಣನ ಮರಣ, ಅದೇ ವರುಷ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ವಿವಾಹ, 1882ರಲ್ಲಿ ವೈಧವ್ಯ. ಎಳೆಯ ಮಗಳು ಮನೋರಮೆಯೊಡನೆ ಇಂಗ್ಲೆಂಡಿಗೆ ಹೋಗಿ 1883ರಲ್ಲಿ ವಾಂಟೇಜಿನಲ್ಲಿ ದೀಕ್ಷಾಸ್ನಾನ ಹೊಂದಿದರು. ಅಲ್ಲಿಯ ಮಠದ ಸಹೋದರಿಯರು ಪ್ರೀತಿಯಿಂದಲೇ ಆಕೆಗೆ ವಿಧೇಯತೆಯನ್ನು ಬೋಧಿಸಿದರು. ಆಕೆಯಾದರೋ ತನ್ನ ಮನಸ್ಸಾಕ್ಷಿಯನ್ನು ಯಾರ ಕೈಗೂ ಒಪ್ಪಿಸಲಿಲ್ಲ. ಬೆಳೆದ ಹುಡುಗಿಯರನ್ನು ಕೂಸುಗಳಂತೆ ಕಾಣುವ ನಾವು ಉಪಾಧ್ಯಾಯಿನಿಯರು ಇದನ್ನು ಓದಿ ತುಸು ನಾಚಬೇಕು.

1887ರಲ್ಲಿ ಅಮೆರಿಕೆಯಲ್ಲಿ ಅಚ್ಚಾದ ತಮ್ಮ ಇಂಗ್ಲಿಷ್ ಪುಸ್ತಕವನ್ನು ಅವರು ತಾಯಿಯ ನೆನಪಿಗೆ ಅರ್ಪಿಸಿದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. 1896ರಲ್ಲಿ ಮಧ್ಯಪ್ರಾಂತ್ಯಕ್ಕೆ ಕ್ಷಾಮ ಬಂದಿತೆಂದು ಕೇಳಿದಾಗ ಕುಳಿತಿರಲಾರದೆ ತಾವೇ ಹೊರಟರು. ಹಸಿವಿನಿಂದ ಒಣಗಿದ ಹುಡುಗಿಯರನ್ನು ಕರೆತಂದು, ಪುಣೆಯ ಹತ್ತಿರದ ಕೆಡಗಾಂವದಲ್ಲಿ ನೆಲೆ ಕೊಟ್ಟು, ಅನ್ನದ ಜೊತೆಗೆ ಅಕ್ಷರವನ್ನೂ ಕಸುಬನ್ನೂ ಕಲಿಸಿದರು. ಅದೇ ಮುಕ್ತಿ ಮಿಷನ್. 1922ನೇ ಏಪ್ರಿಲ್ 5ರಂದು, ಮನೋರಮೆಯು ತೀರಿದ ಮರುವರುಷ, ರಮಾಬಾಯಿಯವರು ಅಲ್ಲಿಯೇ ಪ್ರಭುವಿನಲ್ಲಿ ನಿದ್ರೆಹೋದರು.