ಪಿಟೀಲು ಚೌಡಯ್ಯನವರು: ವಿದ್ವಾಂಸರಾದ ಮೇಲೂ ಶಿಷ್ಯರಾಗಿಯೇ ಉಳಿದವರು



ಕಳೆದ ಶ್ರಾವಣದಲ್ಲಿ ಹಳೇಕೋಟೆಯ ಭಕ್ತರೊಬ್ಬರ ಮನೆಯ ವಚನಗಾಯನಕ್ಕೆ ಪಿಟೀಲು ನುಡಿಸಲು ಬಂದಿದ್ದ ಶಿಕ್ಷಕರೊಬ್ಬರು, ಪ್ರಸಾದದ ಹೊತ್ತಿನಲ್ಲಿ ನಮ್ಮೊಡನೆ ತಮ್ಮ ಅಳಲನ್ನು ತೋಡಿಕೊಂಡರು. ಹದಿನೈದು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದರೂ ಈ ಅವಧಿಯಲ್ಲಿ ತಮ್ಮ ಕಮಾನನ್ನು ತಿದ್ದುವವರು ಯಾರೂ ಇಲ್ಲವೆಂದೂ, ತಮ್ಮ ಕೈಯಲ್ಲಿ ಸೇರಿಕೊಂಡ ತಪ್ಪುಗಳೇ ಮಕ್ಕಳ ಕೈಗೂ ಇಳಿಯುತ್ತಿವೆಯೇನೋ ಎಂಬ ಅಳುಕು ಕಾಡುತ್ತಿದೆಯೆಂದೂ ಹೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ. ಆದರೆ ಅಂದಿನಿಂದ ಸಂಗೀತರತ್ನ ಟಿ. ಚೌಡಯ್ಯನವರ ಬದುಕು ನಮ್ಮ ಮನಸ್ಸಿನಲ್ಲಿ ಸುಳಿಯುತ್ತಲೇ ಇದೆ.

ಹೊಳೆನರಸೀಪುರದ ಮಗ್ಗುಲಲ್ಲಿ ಹರಿಯುವ ನಮ್ಮ ಹೇಮಾವತಿಯು ಕಾವೇರಿಯನ್ನು ಕೂಡಿ, ಕನ್ನಂಬಾಡಿಯನ್ನು ದಾಟಿ, ಮುಂದೆ ಕಪಿಲೆಯನ್ನು ಸಂಧಿಸುವ ಕ್ಷೇತ್ರವೇ ತಿರುಮಕೂಡಲು. ಚೌಡಯ್ಯನವರು ಜನಿಸಿದ್ದು ಅಲ್ಲಿ, 1895ರಲ್ಲಿ. ಹದಿಹರೆಯದಲ್ಲಿ ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಪಾದಕ್ಕೆರಗಿದರು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಕೃಷ್ಣಪ್ಪನವರು ಪಿಟೀಲು ವಿದ್ವಾಂಸರಲ್ಲ, ಗಾಯಕರು. ಶಿಷ್ಯನ ಬೆರಳು ಎಲ್ಲಿ ಕೂರಬೇಕೆಂಬುದನ್ನು ಅವರು ಕಂಠದಿಂದ ಹಾಡಿ ತೋರಿಸಬೇಕಾಗಿತ್ತು, ಶಿಷ್ಯನು ಅದನ್ನು ತಂತಿಯ ಮೇಲೆ ಹುಡುಕಿಕೊಳ್ಳಬೇಕಾಗಿತ್ತು. ಸಾಹಿತ್ಯದ ಅಕ್ಷರ ಎಲ್ಲಿ ಮುಗಿಯುವುದೋ ಅಲ್ಲಿ ಕಮಾನು ತಿರುಗಬೇಕು. ಹಾಡುವವನ ಉಸಿರು ನಿಂತಲ್ಲಿ ನಾದವೂ ನಿಲ್ಲಬೇಕು. ಚೌಡಯ್ಯನವರ ವಾದನದಲ್ಲಿ ಕೇಳುಗರು ಮೆಚ್ಚಿದ ಗಾಯನದ ಗುಣಕ್ಕೆ ಈ ಪಾಠಕ್ರಮವೇ ಮೂಲವೆಂದು ನಾವು ಭಾವಿಸುತ್ತೇವೆ.

ಗುರುಗಳ ಶಿಸ್ತು ಕಠಿಣವಾಗಿತ್ತು. ಶಿಷ್ಯರು ಗುರುಗಳ ಕಚೇರಿಗಳಲ್ಲಿಯೇ ಪಕ್ಕವಾದ್ಯಕ್ಕೆ ಕುಳಿತರು, ಹೊರಗಿನ ವಿದ್ವಾಂಸರಿಗೂ ನುಡಿಸಿ ಹೆಸರು ಗಳಿಸಿದರು. ಆದರೂ 1931ರಲ್ಲಿ ಕೃಷ್ಣಪ್ಪನವರು ಕಾಲವಾಗುವವರೆಗೂ ಆ ನಂಟು ಗುರುಶಿಷ್ಯರದ್ದಾಗಿಯೇ ಉಳಿಯಿತು. ಹೆಸರು ಬಂದೊಡನೆ ಪಾಠ ಮುಗಿಯಿತೆಂದು ಅವರು ತಿಳಿಯಲಿಲ್ಲ.

ಅವರನ್ನು ನಾಡು ನೆನೆಯುವುದು ಏಳು ತಂತಿಯ ಪಿಟೀಲಿನಿಂದ. ಧ್ವನಿವರ್ಧಕವು ಇನ್ನೂ ಎಲ್ಲೆಡೆ ಬಾರದಿದ್ದ ಕಾಲ. ತುಂಬಿದ ಸಭೆಯಲ್ಲಿ ಪಿಟೀಲಿನ ನಾದವು ಹಿಂದಿನ ಸಾಲಿನವರಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಚೌಡಯ್ಯನವರು 1920ರ ದಶಕದ ಕೊನೆಯ ಹೊತ್ತಿಗೆ ನಾಲ್ಕು ತಂತಿಗಳ ಜೊತೆಗೆ ಮೂರನ್ನು ಸೇರಿಸಿ ನಾದಕ್ಕೆ ತುಂಬುತನ ತಂದರು. ಹೇಳುವುದಕ್ಕೆ ಇದು ಸುಲಭ. ಬಿರಡೆಗಳು ಹೆಚ್ಚಬೇಕು, ಕುದುರೆಯನ್ನು ಹೊಸದಾಗಿ ಕಡೆಯಬೇಕು, ಜೋಡಿ ತಂತಿಗಳೆರಡನ್ನೂ ಒಂದೇ ಬೆರಳು ಒಂದೇ ಒತ್ತಿನಲ್ಲಿ ಹಿಡಿಯಬೇಕು. ಶ್ರುತಿ ಕೂದಲೆಳೆಯಷ್ಟು ಜಾರಿದರೂ ಜೋಡಿಯೇ ವೈರಿಯಾಗುತ್ತದೆ. ಕೈಗೆ ಪಳಗಿದ್ದ ವಾದ್ಯವನ್ನು ಬದಿಗಿರಿಸಿ, ಹೆಸರಾಂತ ವಿದ್ವಾಂಸರೊಬ್ಬರು ಎಳೆಯ ವಿದ್ಯಾರ್ಥಿಯಂತೆ ಮತ್ತೆ ಬೆರಳು ಕೂರಿಸಿಕೊಳ್ಳಲು ಹೊರಟರೆಂಬುದೇ ನಮಗೆ ಆ ಮೂರು ತಂತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಮುಂದಿನದು ಬಹುಮಂದಿಗೆ ತಿಳಿದದ್ದೇ. ಚೆಂಬೈ ವೈದ್ಯನಾಥ ಭಾಗವತರಂತಹ ಹಿರಿಯರಿಗೆ ಪಕ್ಕವಾದ್ಯ, ಮೈಸೂರಿನ ಆಸ್ಥಾನ ವಿದ್ವಾಂಸರ ಪದವಿ, 1943ರ ‘ವಾಣಿ’ ಚಲನಚಿತ್ರ, 1957ರಲ್ಲಿ ಮದರಾಸಿನ ಸಂಗೀತ ಕಲಾನಿಧಿ ಬಿರುದು. ‘ತ್ರಿಮಕುಟ’ ಎಂಬ ಅಂಕಿತದಲ್ಲಿ ಕೃತಿಗಳನ್ನೂ ರಚಿಸಿದರು; ಹುಟ್ಟೂರನ್ನು ಅಂಕಿತದಲ್ಲಿ ಉಳಿಸಿಕೊಂಡ ಬಗೆ ಅದು. ಇಷ್ಟರ ನಡುವೆ ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಕಟ್ಟಿದರು. ಊರಿಂದೂರಿಗೆ ಕಚೇರಿಗೆ ತಿರುಗುವ ಕಲಾವಿದರಿಗೆ ಶಾಲೆ ನಡೆಸುವುದು ಲಾಭದ ಮಾತಲ್ಲವೆಂಬುದನ್ನು ಒಂದು ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳುವ ನಾವು ಬಲ್ಲೆವು. ಇತ್ತ ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳವರು ಅಂಧ ಬಾಲಕರಿಗೆ ಅನ್ನವಿಟ್ಟು, ಸಂಗೀತ ಕಲಿಸಿ, ಅವರನ್ನೇ ಗುರುಗಳನ್ನಾಗಿಸಿದ್ದೂ ಅದೇ ಕಾಲಘಟ್ಟದ ಮಾತು.

1967ರ ಜನವರಿಯಲ್ಲಿ ಚೌಡಯ್ಯನವರು ಅಗಲಿದರು. ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ ಸಭಾಭವನ ನಿಂತಿದೆ. ಏಳು ತಂತಿಯ ವಾದ್ಯವನ್ನು ನುಡಿಸುವವರು ಮಾತ್ರ ವಿರಳರಾದರು. ಅದನ್ನು ಉಳಿಸಿಕೊಂಡು ಬಂದವರಲ್ಲಿ ವಿದ್ವಾನ್ ಆರ್. ಆರ್. ಕೇಶವಮೂರ್ತಿಯವರು ಪ್ರಮುಖರು. ಅವರು ನಮ್ಮ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದವರೆಂಬುದು ಈ ಸೀಮೆಯ ಎಷ್ಟೋ ಮಂದಿಗೆ ಗೊತ್ತಿಲ್ಲ. ಅವರೂ ಬಹುಕಾಲ ಪಾಠ ಹೇಳಿ ಅನೇಕ ಶಿಷ್ಯರನ್ನು ತಯಾರು ಮಾಡಿದರು.

ಹಳೇಕೋಟೆಯ ಆ ಶಿಕ್ಷಕರಿಗೆ ನಾವು ಈಗ ತಡವಾಗಿ ಉತ್ತರ ಬರೆದಿದ್ದೇವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಪಿಟೀಲು, ವೀಣೆ ಪಾಠ ಹೇಳುವವರು ತಿಂಗಳಿಗೊಂದು ದಿನ ಶ್ರೀಮಠದಲ್ಲಿ ಸೇರಲಿ, ಹಿರಿಯ ವಿದ್ವಾಂಸರೊಬ್ಬರ ಮುಂದೆ ಕುಳಿತು ತಾವೇ ಪಾಠ ಒಪ್ಪಿಸಲಿ ಎಂಬುದು ನಮ್ಮ ವಿನಂತಿ. ಅಂದು ಮಕ್ಕಳನ್ನು ಕರೆತರುವ ಅಗತ್ಯವಿಲ್ಲ. ವಾದ್ಯವನ್ನು ತಂದರೆ ಸಾಕು. ಪ್ರಸಾದದ ವ್ಯವಸ್ಥೆ ಶ್ರೀಮಠದ್ದು.